ಕೆಂಪು ಗ್ರಾಫ್ ಮಾತ್ರ ನೋಡಿ ಮೋಸಹೋದೆ

ಬೆಂಗಳೂರಿನಿಂದ ದೊಡ್ಡ ಮೆಗಲಾನಿಕ್ ಮೋಡ ಎಂಬ ಗ್ಯಾಲಕ್ಸಿ ದಕ್ಷಿಣ ದಿಗಂತದ ಮೇಲೆ ಬರೀ 7 ಡಿಗ್ರಿ ಏರುತ್ತದೆ. ಕಟ್ಟಡ, ಧೂಳು, ಬೀದಿದೀಪಗಳ ನಡುವೆ ನನಗೆ ಅದು ಒಮ್ಮೆಯೂ ಕಂಡಿಲ್ಲ. ಆದರೂ ಆ ಪುಟ್ಟ ಗ್ಯಾಲಕ್ಸಿಯ ನಕ್ಷತ್ರಗಳ ಜೊತೆ ತಿಂಗಳುಗಟ್ಟಲೆ ಕಳೆದಿದ್ದೇನೆ.

ಆಸ್ಟ್ರೇಲಿಯಾದ ಮೌಂಟ್ ಸ್ಟ್ರೋಮ್ಲೋದಲ್ಲಿ 1.27 ಮೀಟರ್ ಟೆಲಿಸ್ಕೋಪ್ ಹಿಡಿದು ಮಾಚೋ ಎಂಬ ಸಂಶೋಧಕರ ತಂಡ 1992ರಿಂದ 1999ರವರೆಗೆ ಈ ಮೋಡದ ನಕ್ಷತ್ರಗಳ ಬೆಳಕನ್ನು ಅಳೆಯಿತು. ಆ ಅಳತೆಗಳನ್ನು ಎಲ್ಲರಿಗೂ ಬಿಟ್ಟುಕೊಟ್ಟಿದ್ದರು. ನಾನು ಮೈಕ್ರೋಲೆನ್ಸಿಂಗ್ ಎಂಬ ಅಪರೂಪದ ಘಟನೆ ಹುಡುಕಿದ್ದು ಅದರಲ್ಲೇ.

1,60,000 ಜ್ಯೋತಿರ್ವರ್ಷ ದೂರದ ನಕ್ಷತ್ರಕ್ಕೂ ನಮಗೂ ನಡುವೆ ಕಾಣದ ಕಾಯವೊಂದು ಹಾದುಹೋದರೆ, ಅದರ ಗುರುತ್ವ ಬೆಳಕನ್ನು ಬಾಗಿಸುತ್ತದೆ. ನಕ್ಷತ್ರ ಕೆಲವು ವಾರ ಹೆಚ್ಚು ಬೆಳಗಿ, ಏರಿದ ಹಾಗೆಯೇ ಇಳಿಯುತ್ತದೆ. ಇದೇ ಮೈಕ್ರೋಲೆನ್ಸಿಂಗ್. ಡಾರ್ಕ್ ಮ್ಯಾಟರ್, ಅಂದರೆ ಗುರುತ್ವದಿಂದ ಮಾತ್ರ ಗೊತ್ತಾಗುವ ಕಾಣದ ವಸ್ತು, ಇಂಥ ಕಾಯಗಳ ರೂಪದಲ್ಲಿದ್ದರೆ ಹೀಗೆ ಹುಡುಕಬಹುದು ಅಂತ 1986ರಲ್ಲಿ ತೋರಿಸಿದವರು ಖಗೋಳ ವಿಜ್ಞಾನಿ ಬೊಹ್ದಾನ್ ಪಾಚಿನ್‌ಸ್ಕಿ.

ಮೊದಲು ಮಾಚೋ ತಂಡಕ್ಕೆ 1993ರಲ್ಲಿ ಸಿಕ್ಕ ಘಟನೆಯ ಮೇಲೆ ನನ್ನ ಪ್ರೋಗ್ರಾಂ ಓಡಿಸಿದೆ. ನಕ್ಷತ್ರ ಸುಮಾರು 7 ಪಟ್ಟು ಬೆಳಗಿದ್ದು ಸರಿಯಾಗಿ ಬಂತು. ಆಮೇಲೆ ಬೇರೆ ನಕ್ಷತ್ರಗಳಿಗೆ ಕೈಹಾಕಿದೆ. ಒಂದು ರಾತ್ರಿ ಚೆಂದದ ಗ್ರಾಫ್ ಸಿಕ್ಕಿತು. ಎರಡೂ ಕಡೆ ಒಂದೇ ಇಳಿಜಾರು. ನಿದ್ದೆಯೇ ಬರಲಿಲ್ಲ.

ನಾನು ನೋಡಿದ್ದು ಕೆಂಪು ಬಣ್ಣದ ಅಳತೆ ಮಾತ್ರ. ಮಾಚೋ ಕ್ಯಾಮೆರಾ ನೀಲಿ, ಕೆಂಪು ಎರಡನ್ನೂ ಒಟ್ಟಿಗೇ ದಾಖಲಿಸುತ್ತಿತ್ತು. ಬೆಳಗ್ಗೆ ನೀಲಿಯದನ್ನು ಪಕ್ಕಕ್ಕಿಟ್ಟೆ. ಅದರಲ್ಲಿ ಏರಿಕೆ ಕಡಿಮೆ! ಗುರುತ್ವಕ್ಕೆ ಬಣ್ಣದ ಭೇದವಿಲ್ಲ, ಎರಡೂ ಸಮನಾಗಿ ಏರಬೇಕಲ್ವಾ? ಮುಂದಿನ ವರ್ಷಗಳ ಅಳತೆ ತೆಗೆದರೆ ಅದೇ ನಕ್ಷತ್ರ ಮತ್ತೆ ಉಬ್ಬಿತ್ತು. ಅದು ತನ್ನಷ್ಟಕ್ಕೆ ಆಗಾಗ ಬೆಳಗುವ ಬಿಸಿ ನೀಲಿ ನಕ್ಷತ್ರ. ಈ ಜಾತಿಯವನ್ನು 'ಬಂಪರ್' ಅನ್ನುತ್ತಾರೆ. ಮೋಡದ ಹಿಂದಿನ ಗ್ಯಾಲಕ್ಸಿಗಳ ಸೂಪರ್‌ನೋವಾಗಳೂ, ಅಂದರೆ ಸ್ಫೋಟಿಸುವ ನಕ್ಷತ್ರಗಳೂ, ಹೀಗೇ ಮೋಸ ಮಾಡುತ್ತವೆ. ಆದರೆ ಅವು ಬೇಗ ಏರಿ ನಿಧಾನ ಇಳಿಯುವುದರಿಂದ ಹಿಡಿಯುವುದು ಸ್ವಲ್ಪ ಸುಲಭ.

ನಿಜವಾದ ಘಟನೆಗಳು ಎಷ್ಟು ಅಪರೂಪ ಅನ್ನುವುದು ಮರೆಯಬಾರದಿತ್ತು. ಯಾವುದೇ ಕ್ಷಣದಲ್ಲಿ ಕೋಟಿ ನಕ್ಷತ್ರಗಳಲ್ಲಿ ಒಂದೆರಡಕ್ಕೆ ಹೀಗಾದರೆ ಹೆಚ್ಚು. ಇದೇ ಹುಡುಕಾಟದ ಇನ್ನೊಂದು ತಂಡ ಓಗಲ್ 20 ವರ್ಷ, ಸುಮಾರು 8 ಕೋಟಿ ನಕ್ಷತ್ರ ಗಮನಿಸಿ 2024ರಲ್ಲಿ ಕೊಟ್ಟ ಲೆಕ್ಕ 13 ಘಟನೆ. ಅವಕ್ಕೂ ಮಾಮೂಲಿ ನಕ್ಷತ್ರಗಳೇ ಸಾಕು, ಡಾರ್ಕ್ ಮ್ಯಾಟರ್ ಬೇಕಿಲ್ಲ.

ಈಗ ನನ್ನ ಪ್ರೋಗ್ರಾಂ ಒಂದೇ ಬಣ್ಣದ ಗ್ರಾಫ್ ತೋರಿಸುವುದೇ ಇಲ್ಲ. ನೀಲಿ ಮೇಲೆ, ಕೆಂಪು ಕೆಳಗೆ, ಏಳೂ ವರ್ಷ ಒಂದೇ ಪರದೆಯಲ್ಲಿ.