ಅಭ್ಯಾಸದ ಟಾರ್ಪೆಡೊ ವಾಪಸ್ ಬಂದ ಮೇಲಿನ ಕೆಲಸ

ಜಲಾಂತರ್ಗಾಮಿಯ ಟಾರ್ಪೆಡೊ ವಿಭಾಗದಲ್ಲಿ ಕೆಲಸ ಮಾಡಿದವನು ನಾನು. ಟ್ಯೂಬಿನಿಂದ ಬಿಡುವುದಕ್ಕಿಂತ, ಬಿಟ್ಟದ್ದನ್ನು ಸಮುದ್ರದಿಂದ ಎತ್ತಿ ತಂದು ಬಿಚ್ಚಿದಾಗಲೇ ಈ ಆಯುಧ ನನಗೆ ಅರ್ಥವಾದದ್ದು.

ಭಾರಿ ಟಾರ್ಪೆಡೊ ಎಂದರೆ ಸಾಮಾನ್ಯವಾಗಿ 533 ಮಿಲಿಮೀಟರ್ ವ್ಯಾಸ, ಸುಮಾರು ಆರು ಮೀಟರ್ ಉದ್ದ, ಒಂದೂವರೆ ಟನ್ನಿನ ಆಸುಪಾಸು ತೂಕ. ಅಭ್ಯಾಸಕ್ಕೆ ಸಿಡಿತಲೆ ತೆಗೆದು ಅಲ್ಲಿ ದಾಖಲೆ ಉಪಕರಣ ಕೂರಿಸುತ್ತಿದ್ದೆವು. ಓಟ ಮುಗಿದ ಮೇಲೆ ಅದು ತೇಲಿ ಬರಬೇಕು, ಅಲೆಗಳ ನಡುವೆ ಕಾಣಬೇಕು. ಕಿತ್ತಳೆಯಂಥ ಗಾಢ ಬಣ್ಣ ಬಳಿಯುವುದು ಅದಕ್ಕೇ. ಮೇಲೆತ್ತಿದ ಕೂಡಲೇ ಸಿಹಿನೀರಿನಿಂದ ತೊಳೆಯಬೇಕು. ಉಪ್ಪು ಒಳಗೆ ಕೂತರೆ ಮುಂದಿನ ಓಟಕ್ಕೆ ಅದು ಸಿಗುವುದಿಲ್ಲ. ಓಟೊ ಎಂಬ ದ್ರವ ಇಂಧನದಿಂದ ಓಡುವ ಟಾರ್ಪೆಡೊ ಆದರೆ ಕೈಗವಸು, ಮುಖವಾಡ ಇಲ್ಲದೆ ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲ. ಅದರ ಆವಿ ರಕ್ತನಾಳಗಳನ್ನು ಹಿಗ್ಗಿಸಿ ವಿಪರೀತ ತಲೆನೋವು ತರುತ್ತದೆ.

ಇಷ್ಟೆಲ್ಲ ಯಾಕೆ ಎಂದು ಕೇಳುವ ಹೊಸಬರಿಗೆ ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಜಲಾಂತರ್ಗಾಮಿಗಳು ಬಳಸಿದ ಮಾರ್ಕ್ 14 ಟಾರ್ಪೆಡೊದ ಕಥೆ ಹೇಳುತ್ತಿದ್ದೆ. ದುಬಾರಿ ಎಂದು ಯುದ್ಧಕ್ಕೆ ಮುಂಚೆ ಅದನ್ನು ಸರಿಯಾಗಿ ಪರೀಕ್ಷಿಸಿರಲಿಲ್ಲ. ಮಾಡಿದ ಅಷ್ಟಿಷ್ಟು ಪರೀಕ್ಷೆಯೂ ನಿಜವಾದ ಸಿಡಿತಲೆಗಿಂತ ಹಗುರ ತಲೆ ಹಾಕಿ ನಡೆದದ್ದು. 1942ರ ಜೂನ್‌ನಲ್ಲಿ ಆಸ್ಟ್ರೇಲಿಯಾದ ಆಲ್ಬನಿ ಬಳಿ ಬಲೆ ಕಟ್ಟಿ ಹೊಡೆದು ನೋಡಿದರೆ, ಹೇಳಿದ್ದಕ್ಕಿಂತ ಸರಾಸರಿ 11 ಅಡಿ ಆಳದಲ್ಲಿ ಓಡಿತ್ತು! ಆಳ ಅಳೆಯುವ ರಂಧ್ರ ಬಾಲದ ಕಡೆ ಇತ್ತು. ವೇಗದಲ್ಲಿ ಅಲ್ಲಿ ನೀರಿನ ಒತ್ತಡ ತಗ್ಗುವುದರಿಂದ, ತಾನಿನ್ನೂ ಮೇಲಿದ್ದೇನೆಂದು ಲೆಕ್ಕ ಹಾಕಿ ಟಾರ್ಪೆಡೊ ಕೆಳಗಿಳಿಯುತ್ತಿತ್ತು. ಹಡಗುಗಳ ಅಡಿಯಲ್ಲೇ ಸುಮ್ಮನೆ ಹಾದುಹೋದವು ಎಷ್ಟೋ. ಅಭ್ಯಾಸದ ತಲೆಯ ತೂಕ, ಸಮತೋಲ ಅಸಲಿಯಂತೆಯೇ ಇರಬೇಕೆಂದು ನಾನು ಹಟ ಹಿಡಿಯುತ್ತಿದ್ದುದು ಇದಕ್ಕಾಗಿ.

ದಾಖಲೆ ತೆರೆದರೆ ಮೊದಲು ನೋಡುತ್ತಿದ್ದುದು ಆಳದ ಗೆರೆ, ನಂತರ ತಂತಿ, ಅಂದರೆ ಓಡುತ್ತಿರುವ ಟಾರ್ಪೆಡೊಗೆ ಜಲಾಂತರ್ಗಾಮಿಯಿಂದ ದಾರಿ ಹೇಳುವ ತಂತಿ. ಟಾರ್ಪೆಡೊದಿಂದಲೂ ಜಲಾಂತರ್ಗಾಮಿಯಿಂದಲೂ ತಂತಿ ಬಿಚ್ಚಿಕೊಳ್ಳುತ್ತದೆ, ಹಾಗಾಗಿ ಅದು ನೀರಿನಲ್ಲಿ ಎಳೆದಾಡದೆ ಹೆಚ್ಚುಕಡಿಮೆ ಇದ್ದಲ್ಲೇ ಉಳಿಯುತ್ತದೆ. ಆದರೂ ಜಲಾಂತರ್ಗಾಮಿ ಜೋರಾಗಿ ತಿರುಗಿದರೆ ಕಡಿದುಹೋಗಬಹುದು. ಆಗ ಟಾರ್ಪೆಡೊ ತನ್ನದೇ ಸೋನಾರ್ (ಸದ್ದಿನಿಂದ ಗುರಿ ಪತ್ತೆಹಚ್ಚುವ ಸಾಧನ) ನಂಬಿ ಗುರಿ ಹುಡುಕಬೇಕು. ಕಡಿದ ಗಳಿಗೆಯಿಂದ ಮುಂದೆ ಅದು ಯಾವ ಸದ್ದಿಗೆ ತಿರುಗಿತು, ಯಾವುದನ್ನು ಬಿಟ್ಟಿತು ಎಂಬುದನ್ನು ಸೋನಾರ್‌ನವರ ಜೊತೆ ಕೂತು ಒಂದೊಂದೇ ತಿರುವಾಗಿ ನೋಡುತ್ತಿದ್ದೆವು. ನಮ್ಮ ವಿಭಾಗದಲ್ಲಿ ಅತಿ ಹೆಚ್ಚು ಹೊತ್ತು ಹಿಡಿಯುತ್ತಿದ್ದ ಕೆಲಸ ಅದೇ.