ಕೋವಿಯನ್ನು ರಿಪೇರಿಗೆ ಪಾರ್ಸೆಲ್ ಕಳಿಸಿದ್ದು

ಕೊಡಗಿನ ನಮ್ಮ ಮನೆಯಲ್ಲಿ ಕೋವಿ ಕೆಟ್ಟರೆ ಅಪ್ಪ ಅದನ್ನು ಜೀಪಿನಲ್ಲಿಟ್ಟುಕೊಂಡು ರಿಪೇರಿಯವರ ಹತ್ತಿರ ಹೋಗುತ್ತಿದ್ದರು. ಟೆಕ್ಸಾಸ್‌ನಲ್ಲಿರುವ ನನಗೆ ಅದು ಆಗಲಿಲ್ಲ. ನನ್ನ ಬೇಟೆ ರೈಫಲ್‌ನಲ್ಲಿ ಹಾರಿಸಿದ ತೋಟಾದ ಖಾಲಿ ಕವಚ ಹೊರಗೆ ಬರುತ್ತಿರಲಿಲ್ಲ. ತಯಾರಿಸಿದ ಕಂಪನಿ ಇರುವುದು ಬೇರೆ ರಾಜ್ಯದಲ್ಲಿ.

ಇಲ್ಲಿನ ಫೆಡರಲ್ ಕಾನೂನು, ಅಂದರೆ ಅಮೆರಿಕದ ಕೇಂದ್ರ ಕಾನೂನು, ಕೋವಿಯನ್ನು ಪಾರ್ಸೆಲ್ ಕಳಿಸುವುದಕ್ಕೆ ಅಡ್ಡ ಬರುವುದಿಲ್ಲ. ಕೋವಿ ವ್ಯವಹಾರದ ಲೈಸೆನ್ಸ್ ಇರುವ ಡೀಲರ್‌ಗೋ ತಯಾರಕರಿಗೋ ಆದರೆ, ಬೇರೆ ರಾಜ್ಯಕ್ಕೂ ಕಳಿಸಬಹುದು. ಬೇರೆ ರಾಜ್ಯದ ಗೆಳೆಯನಿಗೆ ನೇರವಾಗಿ ಕಳಿಸುವ ಹಾಗಿಲ್ಲ. ಕಾನೂನು ಒಪ್ಪಿದರೆ ಸಾಕಾ? ಪಾರ್ಸೆಲ್ ಕಂಪನಿಯವರೂ ಒಪ್ಪಬೇಕಲ್ವಾ? 2022ರಲ್ಲಿ ಯುಪಿಎಸ್, ಫೆಡ್‌ಎಕ್ಸ್ ಎರಡೂ ನಿಯಮ ಬಿಗಿ ಮಾಡಿದವು. ಅಂಥ ಲೈಸೆನ್ಸ್ ಇದ್ದು, ತಮ್ಮ ಜೊತೆ ಒಪ್ಪಂದ ಮಾಡಿಕೊಂಡವರ ಕೋವಿಯನ್ನು ಮಾತ್ರ ತೆಗೆದುಕೊಳ್ಳುತ್ತವೆ. ಇದು ಗೊತ್ತಿಲ್ಲದೆ ಮನೆ ಹತ್ತಿರದ ಪಾರ್ಸೆಲ್ ಅಂಗಡಿಗೆ ಹೋಗಿ, ಸುಮ್ನೆ ವಾಪಸ್ ಬಂದೆ. ಅವರು ಬೇಡ ಅಂದದ್ದು ಸರಿಯೇ. ಸುಳ್ಳು ಹೇಳಿ ಕೊಟ್ಟುಬರುವ ಕೆಲಸವಂತೂ ಇದಲ್ಲ.

ಆಮೇಲೆ ಕೋವಿ ಕಂಪನಿಗೇ ಫೋನ್ ಮಾಡಿದೆ. ಅವರು ಪಾರ್ಸೆಲ್ ಕಂಪನಿಯಲ್ಲಿರುವ ತಮ್ಮ ಖಾತೆಯ, ಡಬ್ಬಕ್ಕೆ ಅಂಟಿಸುವ ಲೇಬಲ್ಲನ್ನೇ ಇಮೇಲ್‌ನಲ್ಲಿ ಕಳಿಸಿದರು. ಪಾರ್ಸೆಲ್ ಕಂಪನಿಯ ಸ್ವಂತ ಕೇಂದ್ರದಲ್ಲೇ ಕೊಡಿ, ಏಜೆಂಟರ ಅಂಗಡಿಯಲ್ಲಿ ಬೇಡ ಎಂದರು.

ನನಗೆ ಜಾಸ್ತಿ ಹೊತ್ತು ಹಿಡಿದದ್ದು ಪ್ಯಾಕಿಂಗ್. ಮೊದಲು ತೋಟಾ ತುಂಬುವ ಮ್ಯಾಗಜಿನ್ ತೆಗೆದೆ. ಅಗುಳಿಯಂತಿರುವ ಬೋಲ್ಟ್ ಎಳೆದು, ತೋಟಾ ಕೂರುವ ಚೇಂಬರ್ ಖಾಲಿ ಇದೆಯಾ ಎಂದು ಕಣ್ಣಲ್ಲಿ ನೋಡಿದೆ, ಬೆರಳು ಹಾಕಿಯೂ ನೋಡಿದೆ. ಹೆಂಡತಿಯನ್ನು ಕರೆದು ಅವಳಿಂದಲೂ ನೋಡಿಸಿದೆ. ಒಂದು ತೋಟಾ ಕೂಡ ಜೊತೆಯಲ್ಲಿ ಇಡಬಾರದು. ಗುರಿ ನೋಡುವ ದುರ್ಬೀನು, ಹೆಗಲಿಗೆ ಹಾಕುವ ಪಟ್ಟಿ ಬಿಚ್ಚಿ ಮನೆಯಲ್ಲೇ ಇಟ್ಟುಕೊಂಡೆ. ಸೀರಿಯಲ್ ನಂಬರ್ ಕಾಣುವ ಹಾಗೆ ಫೋಟೋ ತೆಗೆದೆ. ತೊಂದರೆ ಏನು, ನನ್ನ ಹೆಸರು, ಫೋನ್ ನಂಬರ್, ಎಲ್ಲ ಒಂದು ಹಾಳೆಯಲ್ಲಿ ಬರೆದು ಒಳಗಿಟ್ಟೆ. ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆ, ಅದರ ಹೊರಗೆ ಬರೀ ರಟ್ಟಿನ ಡಬ್ಬ. ಅಲ್ಲಾಡಿಸಿದರೆ ಒಳಗೆ ಸದ್ದಾಗಬಾರದು. ಡಬ್ಬದ ಮೇಲೆ ಕೋವಿಯ ಹೆಸರಾಗಲಿ ಚಿತ್ರವಾಗಲಿ ಇರಬಾರದು, ಕಳ್ಳರ ಕಣ್ಣು ಬೀಳುವುದೇ ಅಲ್ಲಿ. ಒಳಗೆ ಕೋವಿ ಇದೆ ಎಂದು ಹೊರಗೆ ಚೀಟಿ ಅಂಟಿಸಬೇಕೆಂದು ಪಾರ್ಸೆಲ್ ಕಂಪನಿ ಕೇಳುವುದನ್ನು ಕಾನೂನೂ ಬಿಡುವುದಿಲ್ಲ. ಆದರೆ ಕೌಂಟರ್‌ನಲ್ಲಿ ಬಾಯಿಬಿಟ್ಟು ಹೇಳಿದೆ. ರಸೀದಿ ಕೈಗೆ ಬರುವವರೆಗೂ ಅಲ್ಲಿಂದ ಕದಲಲಿಲ್ಲ.

ರಿಪೇರಿಯಾದ ಕೋವಿಯನ್ನು ಕಂಪನಿ ನೇರವಾಗಿ ನನ್ನ ಮನೆಗೇ ಕಳಿಸಿತು. ನನ್ನದೇ ಕೋವಿ ನನಗೇ ವಾಪಸ್ ಬರುವುದಕ್ಕೆ ಡೀಲರ್ ಬೇಕಿಲ್ಲ, ಕೊಳ್ಳುವಾಗ ತುಂಬುವ 4473 ಫಾರಂ ಕೂಡ ಬೇಕಿಲ್ಲ. ಪಾರ್ಸೆಲ್ ತೆಗೆದುಕೊಳ್ಳುವಾಗ ವಯಸ್ಕರೇ ಸಹಿ ಹಾಕಬೇಕು ಅಷ್ಟೆ. ಅದಕ್ಕೇ ಅವತ್ತು ರಜೆ ಹಾಕಿ ಮನೆಯಲ್ಲಿದ್ದೆ. ಡಬ್ಬ ಬಿಚ್ಚಿ ಮೊದಲು ಮಾಡಿದ್ದು, ಮತ್ತೆ ಬೋಲ್ಟ್ ಎಳೆದು ಚೇಂಬರ್ ನೋಡಿದ್ದು.