ಬಾವಿ ಕಲಿಸಿದ ಲಾಗ

ನನಗೆ ಈಜು ಬಂದದ್ದು ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ. ಗಂಗಾವತಿ, ಕಾರಟಗಿ ಕಡೆಯವರಿಗೆ ಇದರಲ್ಲಿ ಹೊಸದೇನಿಲ್ಲ. ಮುಂಗಾರಿನಲ್ಲಿ ಡ್ಯಾಂ ತುಂಬಿ ಕಾಲುವೆಗೆ ನೀರು ಬಿಟ್ಟರೆಂದರೆ ದೊಡ್ಡವರಿಗೆ ನಾಟಿ, ನಮಗೆ ಈಜು. ಸೊಂಟಕ್ಕೆ ಒಣ ಸೋರೆಬುರುಡೆ ಕಟ್ಟಿ ಅಪ್ಪ ನೀರಿಗೆ ಬಿಟ್ಟಾಗ ನನಗೆ ಆರು ವರ್ಷ. ಈಗ ಯಾರಾದರೂ ಮಕ್ಕಳನ್ನು ಹಾಗೆ ಬಿಟ್ಟರೆ ನಾನೇ ಬೈಯುತ್ತೇನೆ. ಸಿಮೆಂಟಿನ ಇಳಿಜಾರಿಗೆ ಪಾಚಿ ಕಟ್ಟಿರುತ್ತದೆ, ಜಾರಿದರೆ ದೊಡ್ಡವರಿಗೂ ಹತ್ತಿ ಬರಲು ಆಗುವುದಿಲ್ಲ.

ಕಾಲುವೆಯಲ್ಲಿ ಕಲಿತವರಿಗೆ ಒಂದು ಠೇಂಕಾರ ಇರುತ್ತದೆ. ಸೆಳವಿಗೆ ಎದುರಾಗಿ ಕೈ ಹಾಕಿದವರಿಗೆ ನಿಂತ ನೀರು ಯಾವ ಲೆಕ್ಕ? ಎಂಟನೇ ತರಗತಿಯಲ್ಲಿ ಅದೇ ಠೇಂಕಾರದಿಂದ 400 ಮೀಟರ್ ಫ್ರೀಸ್ಟೈಲ್‌ಗೆ ನಿಂತೆ. ಕೊಳದ ನಡುವೆ ಪಕ್ಕದ ಲೇನಿನ ಹುಡುಗಿಯನ್ನು ಹಿಡಿದೇ ಬಿಡುತ್ತಿದ್ದೆ. ಗೋಡೆ ಬಂತೆಂದರೆ ಅವಳು ಮಾಯ. ನಾನು ಕೈಯಲ್ಲಿ ಗೋಡೆ ಹಿಡಿದು, ಉಸಿರು ತಗೊಂಡು, ಮೈ ತಿರುಗಿಸುವಷ್ಟರಲ್ಲಿ ಅವಳು ನೀರೊಳಗೇ ಲಾಗ ಹಾಕಿ, ಗೋಡೆ ಒದ್ದು, ಎರಡು ಮಾರು ಮುಂದೆ ತಲೆ ಎತ್ತುತ್ತಿದ್ದಳು. 50 ಮೀಟರ್ ಕೊಳದಲ್ಲಿ 400 ಎಂದರೆ ಏಳು ಟರ್ನ್. ಏಳು ಸಲವೂ ಅಲ್ಲೇ ಸೋತೆ. ನಮ್ಮ ಕಾಲುವೆಗೆ ಎದುರು ಗೋಡೆಯೇ ಇಲ್ಲವಲ್ಲ!

ಮರುವರ್ಷ ಕಣ್ಣಲ್ಲಿ ನೋಡಿ ಕಲಿತ ಲಾಗವನ್ನೇ ಹಾಕಿದೆ. ಬಹಳ ಮೊದಲೇ ಮಗುಚಿದ್ದರಿಂದ ಪಾದಕ್ಕೆ ಏನೂ ಸಿಗಲಿಲ್ಲ. ಹಾಗೇ ವಾಪಸು ಈಜಿ ಮೊದಲನೆಯವಳಾಗಿ ಮುಟ್ಟಿದೆ. ಫ್ರೀಸ್ಟೈಲ್‌ನಲ್ಲಿ ಪ್ರತಿ ಟರ್ನ್‌ಗೂ ಮೈಯ ಯಾವುದಾದರೊಂದು ಭಾಗ ಗೋಡೆಗೆ ತಾಕಲೇಬೇಕು. ಡಿಸ್‌ಕ್ವಾಲಿಫೈ ಮಾಡಿದರು. ಮೂಗಿಗೆ ಹೋದ ಕ್ಲೋರಿನ್ ನೀರು ಒಂದು ತಾಸಿಗೆ ಕಡಿಮೆಯಾಯಿತು, ಈ ಉರಿ ಆಗಲಿಲ್ಲ.

ಅಭ್ಯಾಸಕ್ಕೆ ಕೊಳ ಬೇಕು. ವಾರಕ್ಕೊಮ್ಮೆ ಕಂಪ್ಲಿ ಮೇಲೆ ಬಸ್ಸಿನಲ್ಲಿ ಬಳ್ಳಾರಿಗೆ ಹೋಗುತ್ತಿದ್ದೆ. ಡ್ಯಾಂನಿಂದ ನದಿಗೆ ನೀರು ಜಾಸ್ತಿ ಬಿಟ್ಟರೆ ಕಂಪ್ಲಿ ಸೇತುವೆ ಮುಳುಗಿ ಬಸ್ಸೂ ಬಂದ್. ಈಜಲು ಹೊರಟವಳಿಗೆ ನೀರೇ ಅಡ್ಡ. ಅಂಥ ಒಂದು ವಾರ ನಾನು ಮುಖ ಊದಿಸಿಕೊಂಡು ಕೂತಾಗ ಅಪ್ಪನಿಗೆ ಹೊಲದ ಬಾವಿ ನೆನಪಾಯಿತು.

ಹಳೇ ಕಲ್ಲಿನ ಬಾವಿ, ಅಡ್ಡಗಲ ಮೂವತ್ತು ಅಡಿ. ಈಜಲಿಕ್ಕೆ ಏನೇನೂ ಸಾಲದು. ಒಮ್ಮೆ ಒದ್ದರೆ ಅರ್ಧ ಬಾವಿ ಮುಗಿಯುತ್ತದೆ, ಮೂರು ಕೈ ಹಾಕಿದರೆ ಮತ್ತೆ ಗೋಡೆ. ಆದರೆ ನನಗೆ ಬೇಕಿದ್ದದ್ದು ಗೋಡೆಯೇ. ಬೇಸಿಗೆಯಲ್ಲಿ ನೀರು ಇಳಿದಾಗ ಅಪ್ಪ ಎದುರುಬದುರು ಎರಡು ಕಡೆ ಕಲ್ಲಿನ ಮೇಲೆ ಸಿಮೆಂಟ್ ಮೆತ್ತಿಸಿದ. ಬೆಳಿಗ್ಗೆ ಹಗ್ಗ ಹಿಡಿದು ಮೆಟ್ಟಿಲ ಮೇಲೆ ಅವನು, ದಂಡೆಯಲ್ಲಿ ಅಜ್ಜಿ. ಅಜ್ಜಿಯ ಕೆಲಸ ಎಣಿಕೆ. ನಾನು ಒಂದು ಸಲ ಒದ್ದರೆ ಒಂದು ಹುಣಸೆಬೀಜ ಈ ಮಡಿಲಿನಿಂದ ಆ ತಟ್ಟೆಗೆ. ದಿನಕ್ಕೆ ಐವತ್ತು ಬೀಜ.

ಮೊದಲ ತಿಂಗಳು ಬರೀ ಮೂಗಿನ ಪಾಠ. ಮಗುಚುವಾಗ ಮೂಗಿನಿಂದ ಸಣ್ಣಗೆ ಗಾಳಿ ಬಿಡುತ್ತಲೇ ಇರಬೇಕು, ನಿಲ್ಲಿಸಿದರೆ ನೀರು ನೆತ್ತಿಗೇರುತ್ತದೆ. ಆಮೇಲೆ ಗದ್ದ. ನಾನು ಗೋಡೆ ಎಲ್ಲಿದೆ ಎಂದು ತಲೆ ಎತ್ತಿ ನೋಡುತ್ತಿದ್ದೆ, ತಲೆ ಎತ್ತಿದೊಡನೆ ಸೊಂಟ ಇಳಿದು ವೇಗ ಸಾಯುತ್ತಿತ್ತು. ಕೊಳದಲ್ಲಾದರೆ ತಳದ ಕಪ್ಪು ಗೆರೆ ಗೋಡೆಗೆ 2 ಮೀಟರ್ ಮುಂಚೆ ಅಡ್ಡಗೆರೆಯಾಗಿ ಮುಗಿಯುತ್ತದೆ, ಅದೇ ಗುರುತು. ಬಾವಿಯ ಹಸಿರು ನೀರಿನಲ್ಲಿ ಏನು ಕಾಣಬೇಕು? ಕೈಯೆಣಿಕೆಯೇ ಗತಿ: ಒಂದು, ಎರಡು, ಮೂರು, ಗದ್ದ ಎದೆಗೆ, ಮಂಡಿ ಮುಖಕ್ಕೆ, ಪಾದ ಗೋಡೆಗೆ. ಹತ್ತಿರ ಹೋದರೆ ಹಿಮ್ಮಡಿ ಕಲ್ಲಿಗೆ ಬಡಿಯುತ್ತಿತ್ತು, ಎರಡೂ ಹಿಮ್ಮಡಿಯಲ್ಲಿ ಆ ಕಲೆ ಇನ್ನೂ ಇದೆ. ದೂರವಾದರೆ ಒದೆ ಪೊಳ್ಳು.

ಒದ್ದಮೇಲಿನದು ಇನ್ನೂ ಮುಖ್ಯ. ಈಜುಗಾರ್ತಿ ಅತಿ ವೇಗವಾಗಿ ಹೋಗುವುದು ಡೈವ್ ಆದ ಕೂಡಲೇ ಮತ್ತು ಗೋಡೆ ಒದ್ದ ಕೂಡಲೇ. ಕೈಮೇಲೆ ಕೈ ಇಟ್ಟು, ತೋಳುಗಳ ನಡುವೆ ಕಿವಿ ಅಮುಕಿ, ಈಟಿಯಂತೆ ಸುಮ್ಮನಿರಬೇಕು. ಸುಮ್ಮನಿರುವುದೇ ನನಗೆ ಕಷ್ಟವಾಗಿತ್ತು! ಕಾಲುವೆಯ ಅಭ್ಯಾಸ ನೋಡಿ, ಕೈ ಆಡಿಸದಿದ್ದರೆ ಮುಳುಗುತ್ತೇನೆ ಎಂಬ ಭಯ. ಟರ್ನ್ ಆದಮೇಲೆ 15 ಮೀಟರ್‌ವರೆಗೆ ನೀರೊಳಗಿರಲು ನಿಯಮ ಬಿಡುತ್ತದೆ. ನಾನು ಆರರ ಮೇಲೆ ಎಂದೂ ಹೋಗಲಿಲ್ಲ, ಅಷ್ಟೇ ಸಾಕಾಯಿತು.

ಕಾಸ್ಟ್ಯೂಮಿನ ರಗಳೆ ಎಲ್ಲ ಹಳ್ಳಿ ಹುಡುಗಿಯರಿಗೂ ಗೊತ್ತಿರುವುದೇ. ಸ್ಪರ್ಧೆಯ ನಿಯಮದಲ್ಲಿ ಹೆಂಗಸರಿಗೆ ಭುಜದಿಂದ ಮಂಡಿವರೆಗಿನದಕ್ಕೆ ಅವಕಾಶವಿದೆ ಎಂದು ಅಜ್ಜಿಗೆ ತಂದು ತೋರಿಸಿದೆ, ಮುಗಿಯಿತು.

ಮುಂದಿನದು ಬೇಗ ಹೇಳುತ್ತೇನೆ. ಜಿಲ್ಲೆ, ವಿಭಾಗ, ಮೈಸೂರಿನ ದಸರಾ ಕ್ರೀಡಾಕೂಟ, ಕಾಲೇಜಿಗೆ ಬೆಂಗಳೂರು. ಅಲ್ಲಿ ದಿನಕ್ಕೆ ಎರಡು ಹೊತ್ತು ಕೊಳ ಸಿಕ್ಕಾಗ ಅರ್ಥವಾಯಿತು: 2000ದ ಸಿಡ್ನಿ ಒಲಿಂಪಿಕ್ಸಿಗೆ ಹೋದ ನಿಶಾ ಮಿಲೆಟ್, 2004ರ ಅಥೆನ್ಸಿಗೆ ಹೋದ ಶಿಖಾ ಟಂಡನ್, 2024ರಲ್ಲಿ ಹದಿನಾಲ್ಕನೇ ವಯಸ್ಸಿಗೇ ಪ್ಯಾರಿಸ್ ಕಂಡ ಧಿನಿಧಿ ದೇಸಿಂಗು, ಎಲ್ಲರೂ ಬೆಂಗಳೂರಿನಲ್ಲೇ ಪಳಗಿದ್ದು ಯಾಕೆ ಅಂತ. ನಮ್ಮ ಕಡೆಯ ಹುಡುಗಿಯರಿಗೆ ತೋಳು ಕಡಿಮೆ ಇಲ್ಲ, ಕೊಳ ಕಡಿಮೆ. ರಾಷ್ಟ್ರಮಟ್ಟದಲ್ಲಿ ನಾನು ಒಮ್ಮೆ ಫೈನಲ್ ತಲುಪಿ ಎಂಟನೆಯವಳಾದೆ. ಆಮೇಲೆ ಬಲಭುಜ ಮಾತು ಕೇಳಲಿಲ್ಲ.

ಚಿನ್ನ ಬಂದದ್ದು ರಾಜ್ಯಮಟ್ಟದ 800 ಮೀಟರ್‌ನಲ್ಲಿ. ಕೊನೆಯ ಎರಡು ಉದ್ದಕ್ಕೆ ಗಂಟೆ ಬಾರಿಸಿದಾಗ ನಾನು ಎರಡನೆಯವಳು. ಕೊನೆಯ ಗೋಡೆಗೆ ಇಬ್ಬರೂ ಸಮ ಹೋದೆವು, ಒದ್ದು ಮೇಲೆದ್ದಾಗ ನನ್ನ ಮುಂದೆ ಯಾರೂ ಇರಲಿಲ್ಲ.

ಪದಕ ತಂದು ಅಜ್ಜಿಯ ಕೈಗಿಟ್ಟೆ. ತಿರುವಿ ನೋಡಿ, "ಎಷ್ಟು ಲಾಗ ಹೊಡದ್ಯವ್ವಾ?" ಅಂದಳು.

"ಹದಿನೈದು."

"ಹದಿನೈದಕ್ಕ ಬಂಗಾರ ಕೊಟ್ರಾ? ನಮ್ಮ ಬಾವ್ಯಾಗ ದಿನಾ ಐವತ್ತು ಹೊಡೀತಿದ್ದಿ, ಒಂದು ಕಪ್ ಚಾ ಸೈತ ಯಾರೂ ಕೊಡಲಿಲ್ಲ."